ಹಿಂದಿನ ಸೀಟಿನ ಅರ್ಧ ಅಂಕ

ಪತ್ರಿಕೆಯ ಕಚೇರಿಯಲ್ಲಿ ಎಲ್ಲರೂ ಅವನನ್ನು ತಕ್ಕಡಿ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಸಂಬಳದ ದಿನ ಒಮ್ಮೆ ಹೊರಗೆ ಬಂದು ಮತ್ತೆ ಒಳಗೆ ಹೋಗುತ್ತಿತ್ತು. ಅದು ಕಾರುಗಳ ಮಾಸಪತ್ರಿಕೆ. ಎರಡು ಕಾರುಗಳನ್ನು ಪಕ್ಕಪಕ್ಕ ನಿಲ್ಲಿಸಿ, ಓಡಿಸಿ, ಬಾಗಿಲು ಬಡಿದು, ಡಿಕ್ಕಿಯಲ್ಲಿ ಸೂಟ್‌ಕೇಸು ತುರುಕಿ, ಕೊನೆಗೆ ಇದು ಮೇಲು ಎಂದು ತೀರ್ಪು ಬರೆಯುವುದು ಅವನ ಕೆಲಸ. ಅದೂ ಅಂತಿಂಥ ಕಾರುಗಳಲ್ಲ, ಗಂಡ ಹೆಂಡತಿ ಮುಂದೆ, ಮಕ್ಕಳು ಮತ್ತು ಅಜ್ಜಿ ಹಿಂದೆ ಕೂತು ಹೋಗುವ ಸಂಸಾರವಂದಿಗರ ಸೆಡಾನುಗಳು. ಕೆಂಪು ಬಣ್ಣದ, ನೆಲಕ್ಕೆ ಹೊಟ್ಟೆ ತಾಗುವ ದುಬಾರಿ ಕಾರುಗಳ ಬಗ್ಗೆ ಬರೆಯಲು ಬೇರೆಯವರಿದ್ದರು. ಅವರಿಗೆ ಅಭಿಮಾನಿಗಳೂ ಇದ್ದರು. ತಕ್ಕಡಿಗೆ ಇದ್ದವರು ಬೈಯುವವರು ಮಾತ್ರ.

ಮನುಷ್ಯ ವಿಚಿತ್ರ ಪ್ರಾಣಿ ನೋಡಿ. ತನ್ನನ್ನೇ ಬೈದರೆ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಾನು. ತಾನು ಕಂತು ಕಟ್ಟುತ್ತಿರುವ ಕಾರಿನ ಡಿಕ್ಕಿ ಚಿಕ್ಕದು ಎಂದರೆ ಮಾತ್ರ ಕಾಲು ಕೆರೆದುಕೊಂಡು ಜಗಳಕ್ಕೆ ಬರುತ್ತಾನೆ. ತಕ್ಕಡಿಯ ಲೇಖನ ಪತ್ರಿಕೆಯ ಜಾಲತಾಣಕ್ಕೆ ಏರಿದ ಗಳಿಗೆಯಿಂದ ಅದರ ಕೆಳಗೆ ಬೈಗುಳದ ಮಳೆ. "ಆ ಕಂಪನಿಯವರು ಯಾವ ಹೋಟೆಲಲ್ಲಿ ಊಟ ಹಾಕಿಸಿದ್ರು ಸಾರ್?" "ಇವನ ಮನೆ ಮುಂದೆ ಯಾವ ಕಾರ್ ನಿಂತಿದೆ ನೋಡ್ಕೊಂಡು ಬನ್ನಿ, ಎಲ್ಲಾ ಗೊತ್ತಾಗತ್ತೆ." ಅವನ ಮನೆ ಮುಂದೆ ನಿಂತಿದ್ದದ್ದು ಒಂದು ಹಳೆಯ ಸ್ಕೂಟರು, ಅದೂ ಒದ್ದರೆ ಮಾತ್ರ ಹೊರಡುವಂಥದ್ದು. ತಕ್ಕಡಿ ಆ ಮಾತುಗಳನ್ನೆಲ್ಲ ಒಂದೂ ಬಿಡದೆ ಓದುತ್ತಿದ್ದ. ಎರಡೂ ಕಾರಿನವರು ಸಮಸಮವಾಗಿ ಬೈದಿದ್ದರೆ ಅವತ್ತು ಅವನಿಗೆ ಒಳ್ಳೆಯ ನಿದ್ದೆ. ಒಂದೇ ಕಡೆಯವರು ಬೈದಿದ್ದರೆ ತಾನೆಲ್ಲಿ ವಾಲಿದೆನೋ ಎಂದು ಹೊರಳಾಡುತ್ತಿದ್ದ. ಇಂಥವನಿಗೆ ಆ ಅಡ್ಡಹೆಸರು ಬಂದದ್ದರಲ್ಲಿ ತಪ್ಪೇನಿಲ್ಲ.

ಅವನದೇ ಒಂದು ಪದ್ಧತಿ ಇತ್ತು. ಸೆಡಾನ್ ಎಂದರೆ ಹಿಂದಿನ ಸೀಟು ಎಂಬುದು ಅವನ ನಂಬಿಕೆ. ಆ ಸೀಟಿಗೆ ಹತ್ತಕ್ಕಿಷ್ಟು ಎಂದು ಅಂಕ ಕೊಡುವಾಗ ಯಾವ ಕಾರೆಂದು ತನಗೇ ಗೊತ್ತಿರಬಾರದು ಎಂಬುದು ಅವನ ಹಟ. ಆದ್ದರಿಂದ ಪರೀಕ್ಷೆಯ ದಿನ ಮೊದಲ ಕೆಲಸವೇ ಅದು. ಪತ್ರಿಕೆಯ ಫೋಟೋಗ್ರಾಫರ್, ಮಾತಿನಲ್ಲಿ ಖಡಕ್ಕಾದ ಹೆಂಗಸು, ಅವನ ಕಣ್ಣಿಗೆ ಬಟ್ಟೆ ಕಟ್ಟಿ, ಅಂಗಳದಲ್ಲಿ ಗಿರಗಿರನೆ ತಿರುಗಿಸಿ, ರಟ್ಟೆ ಹಿಡಿದು ಒಂದು ಕಾರಿಗೆ ಹತ್ತಿಸುತ್ತಿದ್ದಳು. ಮುಟ್ಟಿ ಗುರುತು ಹಿಡಿಯಬಾರದೆಂದು ಎರಡೂ ಕಾರಿನ ಸೀಟಿಗೆ ಹಳೆಯ ಬೆಡ್‌ಶೀಟು. ಹಾಳಾದ ರಸ್ತೆಯಲ್ಲಿ ಒಂದು ಸುತ್ತು ಹೊಡೆಸಿ, ಇನ್ನೊಂದು ಕಾರಿಗೆ ಹತ್ತಿಸಿ, ಅದರಲ್ಲೂ ಒಂದು ಸುತ್ತು. ಅವನು ಬಾಯಲ್ಲಿ ಹೇಳಿದ ಅಂಕವನ್ನು ಅವಳು ಬರೆದುಕೊಳ್ಳುವಳು. ಆಮೇಲೆ ಅದನ್ನು ತಿದ್ದುವಂತಿಲ್ಲ. ಅದಕ್ಕೂ ಮುಂಚೆ ಆ ಎರಡು ಕಾರುಗಳಲ್ಲಿ ಅವನು ಒಮ್ಮೆಯೂ ಕೂತಿರಬಾರದು. ಇದು ಅವನೇ ಮಾಡಿಕೊಂಡ ಕಟ್ಟಳೆ, ಯಾರೂ ಕೇಳಿದ್ದಲ್ಲ. ಓದುಗರಂತೂ ಈ ಕಣ್ಣು ಕಟ್ಟಿದ ಫೋಟೋ ನೋಡಿ "ನಾಟಕ" ಎಂದು ನಗುತ್ತಿದ್ದರು.

ಹೀಗಿರುವಾಗ ನೀಲಿ ಕಾರು ಬಂತು.

ಅವನ ಅಕ್ಕನ ಗಂಡ ಊರಿನ ದೊಡ್ಡ ರಸ್ತೆಯ ಒಂದು ಶೋರೂಮಿನಲ್ಲಿ ಸೇಲ್ಸ್‌ಮನ್. ಮೀಸೆ ಚಿಗುರುವಾಗ ಅಲ್ಲಿ ಸೇರಿದವರು ಮೀಸೆ ಬೆಳ್ಳಗಾದರೂ ಅಲ್ಲೇ. ಭಾವ ಕಾರು ಮಾರುವುದನ್ನು ನೋಡಬೇಕು. ಬಂದವರಿಗೆ ಕಾರು ತೋರಿಸುವ ಮೊದಲು ಮನೆಯಲ್ಲಿ ಯಾರ್ಯಾರಿದ್ದೀರಿ ಎಂದು ಕೇಳುವರು. ಬೇಡದ ಕಾರನ್ನು ಕಟ್ಟಿ ಕಳಿಸಿದವರಲ್ಲ. ಆ ಶೋರೂಮು ಮಾರುತ್ತಿದ್ದ ಕಂಪನಿಯ ಕಾರುಗಳು ಕೆಲವು ವರ್ಷಗಳಿಂದ ನೆಲಕಚ್ಚಿದ್ದವು. ಹೊಸದಾಗಿ ಬಂದ ಈ ನೀಲಿ ಸೆಡಾನಾದರೂ ಓಡದಿದ್ದರೆ ಬಾಗಿಲು ಹಾಕಿ ಫರ್ನಿಚರ್ ಅಂಗಡಿ ಇಡುತ್ತೇನೆ ಎಂದು ಶೋರೂಮಿನ ಯಜಮಾನ ಎಲ್ಲರೆದುರು ಹೇಳಿಬಿಟ್ಟಿದ್ದ. ಆ ವಯಸ್ಸಿನಲ್ಲಿ ಭಾವನನ್ನು ಬೇರೆ ಯಾರು ಕೆಲಸಕ್ಕೆ ಕರೆಯುತ್ತಾರೆ? ಆ ಮನೆಯ ನೆಮ್ಮದಿಯೆಲ್ಲ ಈಗ ಒಂದು ಕಾರಿನ ಮೇಲೆ ಕೂತಿತ್ತು. ಅದಕ್ಕೆ ಎದುರಾಳಿ, ಎಲ್ಲರ ಬಾಯಲ್ಲೂ ಇರುವ ಬಿಳಿ ಸೆಡಾನು.

ಅದೇ ದಿನಗಳಲ್ಲಿ ಅಕ್ಕನ ಬೆನ್ನಿಗೆ ಆಪರೇಷನ್ ಆಗಿತ್ತು. ಆಸ್ಪತ್ರೆಯಿಂದ ಮನೆಗೆ ಕರೆತರಲು ಭಾವ ಯಜಮಾನನ ಒಪ್ಪಿಗೆ ಪಡೆದು ಶೋರೂಮಿನ ನೀಲಿ ಕಾರನ್ನೇ ತಂದರು. ತಕ್ಕಡಿ ಹಿಂದೆ ಅಕ್ಕನ ಪಕ್ಕ ಕೂತು ಅವಳ ಕೈ ಹಿಡಿದುಕೊಂಡಿದ್ದ. ಪೈಪು ಹಾಕಲು ಅಗೆದು ಹಾಗೇ ಬಿಟ್ಟ ರಸ್ತೆ. ಪ್ರತಿ ಹಳ್ಳಕ್ಕೂ ಅವನು ಹಲ್ಲು ಕಚ್ಚುತ್ತಿದ್ದ. ಅಕ್ಕ ಮಾತ್ರ ಅರ್ಧ ದಾರಿಯಲ್ಲೇ ನಿದ್ದೆ ಹೋದಳು. ಮುಂದಿನಿಂದ ಭಾವ ಕನ್ನಡಿಯಲ್ಲಿ ನೋಡಿ ಹಲ್ಲು ಬಿಟ್ಟರು. ಅದೊಂದು ನಗು ಬಿಟ್ಟರೆ ಕಾರಿನ ಬಗ್ಗೆ ಒಂದಕ್ಷರ ಹೇಳಲಿಲ್ಲ. ತಮ್ಮ ಹೆಂಡತಿಯ ತಮ್ಮ ಎಲ್ಲಿ ಕೆಲಸ ಮಾಡುತ್ತಾನೆಂಬುದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಬಾಯಿಬಿಟ್ಟು ಕೇಳುವ ಜಾತಿಯ ಮನುಷ್ಯರಲ್ಲ ಅವರು.

ಅದಾದ ಮರುವಾರವೇ ಸಂಪಾದಕರು ಅವನನ್ನು ಕರೆದು, ನೀಲಿ ಬಿಳಿ ಎರಡನ್ನೂ ಹೋಲಿಸಿ ಬರೆ ಎಂದರು.

"ಸಾರ್, ನೀಲಿ ಕಾರು ಮಾರೋ ಶೋರೂಮಲ್ಲಿ ನಮ್ಮ ಭಾವ ಇದಾರೆ," ಎಂದ ತಕ್ಕಡಿ.

"ಇರ್ಲಿ ಬಿಡಪ್ಪ. ಕಂಪನಿ ಏನು ನಿಮ್ಮ ಭಾವಂದಾ? ಹೇಗಿದ್ರೂ ನೀನು ಕಣ್ಣು ಕಟ್ಕೊಂಡು ತಾನೆ ಕೂರೋದು? ನಿನ್ನಷ್ಟು ನ್ಯಾಯವಾಗಿ ಬರೆಯೋರು ಇನ್ಯಾರಿದಾರೆ ಇಲ್ಲಿ?"

ಹೊಗಳಿಕೆಗೆ ಕರಗದವರುಂಟೇ? ಆ ಕಾರಿನಲ್ಲಿ ಈಗಾಗಲೇ ಕೂತಿದ್ದೇನೆ ಎಂಬ ಮಾತು ನಾಲಿಗೆಯ ತುದಿಗೆ ಬಂದು ಅಲ್ಲೇ ಉಳಿಯಿತು. ಅವತ್ತು ಅಕ್ಕನ ಕಡೆ ಗಮನವಿತ್ತು, ಕಾರಿನ ಕಡೆ ಇರಲಿಲ್ಲ, ಗುರುತು ಸಿಕ್ಕೀತು ಎಲ್ಲಿಂದ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಪರೀಕ್ಷೆಯ ದಿನ ಫೋಟೋಗ್ರಾಫರ್ ಎಂದಿನಂತೆ ಕಣ್ಣಿಗೆ ಬಟ್ಟೆ ಬಿಗಿದಳು. ಮೊದಲ ಕಾರು ಚೆನ್ನಾಗಿತ್ತು. ಹಳ್ಳಗಳಲ್ಲಿ ಸ್ವಲ್ಪ ಕುಲುಕಾಟ, ಸೊಂಟಕ್ಕೆ ಒಂದೆರಡು ಪೆಟ್ಟು, ದೂರುವಂಥದ್ದೇನಿಲ್ಲ. "ಎಂಟು," ಎಂದ. ಎರಡನೆಯದಕ್ಕೆ ಹತ್ತಿ ಬಾಗಿಲೆಳೆದುಕೊಂಡು ಮೊಣಕೈ ಊರಿದ್ದಷ್ಟೇ. ಗುರುತು ಸಿಕ್ಕಿಬಿಟ್ಟಿತು. ಇದೇ ಎತ್ತರ, ಇದೇ ಇಳಿಜಾರು. ಇಲ್ಲೇ ಮೊಣಕೈ ಊರಿ ಅಕ್ಕನ ಕೈ ಹಿಡಿದಿದ್ದ. ಕಣ್ಣಿಗೆ ಬಟ್ಟೆ ಇದ್ದರೂ ಕಾರಿನ ನೀಲಿ ಬಣ್ಣ ಕಣ್ಣಿಗೆ ಕಟ್ಟಿದಂತಾಯಿತು.

ಅಲ್ಲೇ ಬಟ್ಟೆ ಬಿಚ್ಚಿ "ನಿಲ್ಸಮ್ಮ, ನಂಗೆ ಗೊತ್ತಾಗಿಹೋಯ್ತು" ಎಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅವನು ಹಾಗನ್ನಲಿಲ್ಲ. ಕಾರು ಅದೇ ಹಳ್ಳಗಳನ್ನು ದಾಟುತ್ತ ಹೋಯಿತು. ಸೊಂಟಕ್ಕೆ ಒಂದೂ ಪೆಟ್ಟು ಬೀಳಲಿಲ್ಲ. ಕಾರು ಒಳ್ಳೆಯದಿತ್ತು, ಬಿಳಿಯದಕ್ಕಿಂತ ಒಳ್ಳೆಯದಿತ್ತು, ಅದು ಅವನ ಬೆನ್ನಿಗೆ ಚೆನ್ನಾಗಿ ತಿಳಿಯುತ್ತಿತ್ತು. ಎಂಟೂವರೆ ಎಂದು ಮನಸ್ಸು ಹೇಳಿತು. ಹೇಳಿದ ಕೂಡಲೇ ಅನುಮಾನವೂ ಹುಟ್ಟಿತು. ಇದನ್ನು ಹೇಳುತ್ತಿರುವುದು ಬೆನ್ನೋ, ಭಾವನ ಮೇಲಿನ ಪ್ರೀತಿಯೋ? ನಾಳೆ ಯಾರಾದರೂ ಸಂಬಂಧ ಕೆದಕಿದರೆ? ಇಷ್ಟು ವರ್ಷ ಕಾಪಾಡಿಕೊಂಡು ಬಂದದ್ದು ಒಂದೇ ದಿನದಲ್ಲಿ ಮಣ್ಣುಪಾಲು. ಭಾವನ ಕಾರೆಂದು ತಾನು ಒಂದು ಕೂದಲಷ್ಟೂ ವಾಲಬಾರದು. ವಾಲಬಾರದೆಂದರೆ ಈ ಕಡೆಯಿಂದ ಸ್ವಲ್ಪ ಹಿಂದಕ್ಕೇ ನಿಲ್ಲಬೇಕು.

"ಏನಪ್ಪಾ, ನಿದ್ದೆ ಬಂತಾ? ಎಷ್ಟು ಬರ್ಕೊಳ್ಳಿ?" ಎಂದಳು ಫೋಟೋಗ್ರಾಫರ್.

"ಏಳೂವರೆ," ಎಂದ ತಕ್ಕಡಿ.

ಹೇಳಿದ ಮೇಲೆ ಹಗುರಾಯಿತು. ತಾನು ಭಾವನಿಗೂ ಸೊಪ್ಪು ಹಾಕದ ಮನುಷ್ಯ ಎಂದು ಒಳಗೊಳಗೇ ಬೀಗಿದ ಕೂಡ. ಆಮೇಲೆ ಕಣ್ಣು ಬಿಟ್ಟುಕೊಂಡು ಮೈಲೇಜು, ಬ್ರೇಕು, ಡಿಕ್ಕಿ, ಎಸಿ ಎಲ್ಲ ನೋಡಿದ. ಅದೃಷ್ಟ ನೋಡಿ, ಒಂದರಲ್ಲಿ ಇದು ಮುಂದೆ, ಇನ್ನೊಂದರಲ್ಲಿ ಅದು. ಅವನ್ನೆಲ್ಲ ಕೂಡಿಸಿದಾಗ ಎರಡೂ ಸರಿಸಮ. ಹಿಂದಿನ ಸೀಟಿನ ಅರ್ಧ ಅಂಕದಲ್ಲಿ ಬಿಳಿ ಕಾರು ಗೆದ್ದಿತು. ತಿದ್ದಬೇಕೆಂದು ಕೈ ತುರಿಸಿತು. ತಿದ್ದಬಾರದೆಂಬ ಕಟ್ಟಳೆ ಅವನದೇ.

ಲೇಖನ ಹೊರಬಂತು. "ಬಿಳಿ ಕಾರಿನ ಎಂಜಲಿಗೆ ಬಾಯಿ ಹಾಕಿದವನು" ಎಂದು ಒಬ್ಬ ಬರೆದ. "ನೀಲಿ ಕಾರು ಓಡಿಸಿದವರಿಗೆ ಗೊತ್ತು ಹಿಂದಿನ ಸೀಟು ಹೇಗಿದೆ ಅಂತ, ಇವನು ಕಣ್ಣಿಗೆ ಮಾತ್ರ ಅಲ್ಲ, ಬುದ್ಧಿಗೂ ಬಟ್ಟೆ ಕಟ್ಕೊಂಡಿದಾನೆ" ಎಂದು ಇನ್ನೊಬ್ಬ. ಯಾವತ್ತೂ ಸುಳ್ಳು ಎಂದು ಓದಿ ಪಕ್ಕಕ್ಕಿಡುತ್ತಿದ್ದ ಬೈಗುಳ ಈ ಸಲ ನಿಜವಾಗಿತ್ತು. ಕಾರಣವೊಂದು ಬಿಟ್ಟರೆ ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಆ ಭಾನುವಾರ ಅಕ್ಕನ ಮನೆಗೆ ಹೋದ. ಭಾವ ಬಾಗಿಲಲ್ಲೇ ಬೆನ್ನು ತಟ್ಟಿದರು. "ಓದಿದೆ ಕಣೋ. ನನ್ನ ಮುಖ ನೋಡದೆ ಬರ್ದೆ ನೋಡು, ಅದು ಗಂಡಸ್ತನ. ಶೋರೂಮಲ್ಲಿ ಎಲ್ಲರ ಹತ್ರಾನೂ ಹೇಳಿದೀನಿ, ನನ್ನ ಬಾಮೈದ ಸುಳ್ಳು ಬರೆಯೋನಲ್ಲ ಅಂತ."

ಅಕ್ಕ ಬೆನ್ನಿಗೆ ದಿಂಬು ಕೊಟ್ಟು ಕೂತಿದ್ದಳು. "ನಾನಂತೂ ಆ ಕಾರಲ್ಲಿ ಸುಖವಾಗಿ ನಿದ್ದೆ ಮಾಡಿದ್ದೆ ಪುಟ್ಟಾ. ಇವರನ್ನ ಕೇಳಿದ್ರೆ, ಅದು ಕಾರಿನ ನಿದ್ದೆ ಅಲ್ಲ ಕಣೇ, ಮಾತ್ರೆ ನಿದ್ದೆ ಅಂತಾರೆ. ಇರಬೇಕೇನೋ ಅಲ್ವಾ?"

"ಇರಬೇಕು," ಎಂದ ತಮ್ಮ. ಅಕ್ಕ ಮುಂದಕ್ಕೆ ಸರಿಸಿದ ಟೀ ಲೋಟವನ್ನು ಕೈಗೆತ್ತಿಕೊಂಡ.

ತಿಂಗಳುಗಳು ಕಳೆದವು. ಭಾವನ ಶೋರೂಮಿನಲ್ಲಿ ನೀಲಿ ಕಾರುಗಳು ನಿಂತಲ್ಲೇ ನಿಂತವು. ಬಂದವರು ನೋಡುವುದು, ಭಾವನ ಜೊತೆ ಮಾತಾಡುವುದು, ಕೈಕುಲುಕಿ ಹೋಗುವುದು. ಕೊನೆಗೆ ಯಜಮಾನ ಮಾತಿಗೆ ತಪ್ಪಲಿಲ್ಲ. ಮುಂದಿನ ತಿಂಗಳು ಬಾಗಿಲು ಮುಚ್ಚುವುದಾಗಿ ಹೇಳಿದ. ಅಕ್ಕ ಫೋನು ಮಾಡಿ ಇದನ್ನು ತಿಳಿಸಿದಾಗ ಅತ್ತಿರಲಿಲ್ಲ. ಆ ಗಟ್ಟಿ ದನಿಯನ್ನು ಕೇಳಿ ತಕ್ಕಡಿಯೇ ಸ್ಕೂಟರು ನಿಲ್ಲಿಸಿ, ರಸ್ತೆ ಬದಿಯಲ್ಲಿ, ಹೋಗಿಬರುವವರ ಎದುರಿಗೇ ಅತ್ತ.

ನೆಟ್ಟಗೆ ಸಂಪಾದಕರ ಕೋಣೆಗೆ ಹೋಗಿ ಎಲ್ಲವನ್ನೂ ಒದರಿದ. ಮೊಣಕೈ, ಎಂಟೂವರೆ, ಏಳೂವರೆ. ತಪ್ಪೊಪ್ಪಿಗೆ ಹಾಕಿ ಎಂದ.

ಸಂಪಾದಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಿಂಗೆ ತಲೆ ಕೆಟ್ಟಿದೆಯಾ? ಈಗ ಹೋಗಿ ನೀಲಿ ಕಾರೇ ಚೆನ್ನಾಗಿತ್ತು ಅಂದ್ರೆ, ಯಾಕಪ್ಪ ಅಂತ ಕೇಳ್ತಾರೆ. ನಮ್ಮ ಭಾವ ಅಲ್ಲಿದಾರೆ ಅಂತ ಹೇಳ್ಬೇಕು. ಹೇಳಿದ್ರೆ ಮುಗೀತು. ಹೇಳದೆ ಇದ್ರೆ ಯಾರಾದ್ರೂ ಕಂಡುಹಿಡೀತಾರೆ, ಆಗ್ಲೂ ಮುಗೀತು."

"ಆದ್ರೆ ಇದು ನಿಜ ಸಾರ್."

"ನಿಜ ಯಾರಿಗೆ ಬೇಕಾಗಿದೆಯೋ? ಅವರವರ ಕಾರು ಗೆಲ್ಲಬೇಕು, ಅಷ್ಟೆ."

ಆದರೂ ಅವನು ಬಿಡಲಿಲ್ಲ. ಗೋಗರೆದ, ಕೂಗಾಡಿದ, ಕೆಲಸ ಬಿಡುತ್ತೇನೆಂದ. ಮುಂದಿನ ಸಂಚಿಕೆಯ ಮೂಲೆಯಲ್ಲಿ ಅವನ ಬರಹ ಬಂತು. ಭಾವನ ಸಂಬಂಧವನ್ನೂ ಆ ದಿನ ತನಗಾದ ಹೆದರಿಕೆಯನ್ನೂ ಮುಚ್ಚುಮರೆಯಿಲ್ಲದೆ ಬರೆದಿದ್ದ. ತನ್ನ ಜೀವಮಾನದಲ್ಲೇ ಅಷ್ಟು ನೇರವಾಗಿ ಅವನು ಬೇರೇನನ್ನೂ ಬರೆದಿರಲಿಲ್ಲ.

ಓದುಗರಿಗೆ ಹಬ್ಬವಾಯಿತು. ಬಿಳಿ ಕಾರಿನವರೂ ನೀಲಿ ಕಾರಿನವರೂ ಮೊದಲ ಬಾರಿಗೆ ಒಂದಾದರು. "ಮೊದಲು ಅಲ್ಲಿ ತಿಂದ, ಈಗ ಇಲ್ಲಿ ತಿಂತಿದಾನೆ." "ಭಾವಂಗೆ ಕಮಿಷನ್ ಬರ್ಲಿ ಅಂತ." ಕಣ್ಣು ಕಟ್ಟಿದ ಅವನ ಫೋಟೋಗೆ ಯಾರೋ ಕೈಯಲ್ಲೊಂದು ಭಿಕ್ಷೆಯ ತಟ್ಟೆ ಸೇರಿಸಿ ಹರಿಬಿಟ್ಟರು. ಸಂಪಾದಕರು ಅವನನ್ನು ಹೋಲಿಕೆ ಲೇಖನಗಳಿಂದ ತೆಗೆದು, ಟೈರುಗಳ ಬಗ್ಗೆ ಬರೆಯಲು ಹಾಕಿದರು. ತನಗೇನಾದರೂ ಆಗಲಿ, ಭಾವನಿಗಾದರೂ ನ್ಯಾಯ ಸಿಕ್ಕಿತಲ್ಲ ಎಂದುಕೊಂಡು ಅವನು ಅಕ್ಕನ ಮನೆಯ ದಾರಿ ಹಿಡಿದ.

ಬಾಗಿಲು ತೆರೆದವಳು ಅಕ್ಕ. ಈ ಸಲ ಅವಳ ಕಣ್ಣು ಕೆಂಪಗಿತ್ತು.

"ಬಿಳಿ ಕಾರಿನ ಶೋರೂಮಲ್ಲಿ ಇವರಿಗೆ ಕೆಲಸ ಕೊಡ್ತೀವಿ ಅಂದಿದ್ರು ಕಣೋ. ಮುಂದಿನ ವಾರ ಸೇರಬೇಕಿತ್ತು. ನಿಂಗೆ ಸೇರಿದ ಮೇಲೆ ಹೇಳೋಣ ಅಂತ ಇದ್ವಿ. ನೀನು ಬರೆದಿದ್ದು ನೋಡಿ ಅಲ್ಲಿನ ಮ್ಯಾನೇಜರು, ಬಾಮೈದನ ಕೈಲಿ ನಮ್ಮ ಕಾರಿನ ವಿರುದ್ಧ ಬರೆಸೋರು ನಮಗೆ ಬೇಡ ಅಂದ್ರಂತೆ."

ತಕ್ಕಡಿ ಬಾಗಿಲಲ್ಲೇ ನಿಂತುಬಿಟ್ಟ. ಹೊಸ್ತಿಲ ಒಳಗೂ ಅಲ್ಲ, ಹೊರಗೂ ಅಲ್ಲ. ಒಳಗಿನಿಂದ ಭಾವನೇ ಬಂದು ರಟ್ಟೆ ಹಿಡಿದು ಕರೆದುಕೊಂಡು ಹೋಗಿ ಕುರ್ಚಿಯಲ್ಲಿ ಕೂರಿಸಿದರು. ಕೆಲಸದ ಸುದ್ದಿಯನ್ನು ಎತ್ತಲೇ ಇಲ್ಲ. ಅವರ ತಲೆಯಲ್ಲಿ ಬೇರೇನೋ ಕೊರೆಯುತ್ತಿತ್ತು.

"ಒಂದು ಮಾತು ಹೇಳು. ಹಿಂದಿನ ಸೀಟು ನಿಜವಾಗ್ಲೂ ಚೆನ್ನಾಗಿತ್ತಾ?"

"ಚೆನ್ನಾಗಿತ್ತು ಭಾವ. ಬಿಳಿದಕ್ಕಿಂತ ಚೆನ್ನಾಗಿತ್ತು."

"ನಂಗೂ ಹಾಗೇ ಅನ್ಸಿತ್ತು," ಎಂದರು ಭಾವ. "ನೀನು ಬರೆದ ಮೇಲೆ, ನಂಗೆ ಅನ್ಸಿದ್ದು ತಪ್ಪು ಅಂದ್ಕೊಂಡೆ. ಒಬ್ಬರು ಟೀಚರಮ್ಮ ಬಂದಿದ್ರು, ತಾಯಿಗೆ ಮಂಡಿ ನೋವು, ಹಿಂದೆ ಕೂರಿಸ್ಕೊಂಡು ಹೋಗ್ಬೇಕು ಅಂದ್ರು. ನೀಲಿ ಕಾರೇ ಬೇಕು ಅಂತ ಕೂತಿದ್ರು. ನಾನೇ ಬೇಡಮ್ಮಾ, ಹಿಂದಿನ ಸೀಟು ಸ್ವಲ್ಪ ಗಟ್ಟಿ, ಬಿಳಿದನ್ನ ನೋಡಿ ಅಂತ ಕಳಿಸಿದೆ. ಮನೇಲಿ ವಯಸ್ಸಾದೋರಿದಾರೆ ಅಂದೋರಿಗೆಲ್ಲ ಅದನ್ನೇ ಹೇಳಿದೆ."

"ಭಾವಾ..."

"ಆಚೆ ಊರಿನ ಶೋರೂಮಲ್ಲಿ ಇದೇ ಕಾರು ಚೆನ್ನಾಗಿ ಹೋಗ್ತಿದೆಯಂತೆ ಕಣೋ. ಅಲ್ಲಿಗೆ ಬರೋರೂ ನಿಮ್ಮ ಪತ್ರಿಕೆ ಓದ್ತಾರೆ. ಓದಿ, ಇವನು ದುಡ್ಡು ತಿಂದು ಬರೆದಿದಾನೆ ಅಂತ ನಕ್ಕು, ಬಂದು ಕಾರು ತಗೊಂಡು ಹೋಗ್ತಾರೆ. ನಮ್ಮಲ್ಲಿ ಮಾತ್ರ ಯಾಕೆ ಹೋಗ್ತಿಲ್ಲ ಅಂತ ಯಜಮಾನ್ರು ತಲೆ ಚಚ್ಕೊಂಡ್ರು."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ತಕ್ಕಡಿ ಅದನ್ನು ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದ. ಬೈಗುಳ ತಿಂದು ಪಳಗಿದ ಜೀವ. ಅವನಿಗೆ ಈಗ ಅರ್ಥವಾಯಿತು. ಇಷ್ಟು ವರ್ಷ ಬರೆದದ್ದನ್ನು ಊರೆಲ್ಲ ಸುಳ್ಳೆಂದು ಓದಿತ್ತು. ನಿಜವೆಂದು ನಂಬಿದವರು ಒಬ್ಬರೇ ಇದ್ದರು. ಆ ಒಬ್ಬರಿಗೆ ಅವನು ಸುಳ್ಳು ಹೇಳಿದ್ದ.

ಅಕ್ಕ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಕೇಳುತ್ತಿದ್ದಳು. ತಮ್ಮನಿಗೆ ಕುಡಿಯಲು ಏನಾದರೂ ಬೇಕೇ ಎಂದು ಅವಳು ಕೇಳಲಿಲ್ಲ. ಹುಟ್ಟಿದಾಗಿನಿಂದ ಅವಳು ಅದನ್ನು ಕೇಳದೆ ಇದ್ದದ್ದು ಅವನಿಗೆ ನೆನಪಿರಲಿಲ್ಲ.

"ಇನ್ನೊಂದ್ಸಲ ಬರೀತೀನಿ ಭಾವ. ಬೇರೆ ಪತ್ರಿಕೇಲಿ ಬರೀತೀನಿ. ಆ ಮ್ಯಾನೇಜರ್ ಹತ್ರ ನಾನೇ ಹೋಗಿ ಮಾತಾಡ್ತೀನಿ. ನಡೆದಿದ್ದು ಇದ್ದಂಗೆ ಹೇಳ್ತೀನಿ, ನಂಬ್ತಾರೆ. ಈಗ ನಾನು ಹೇಳ್ತಿರೋದು ನಿಜ ಭಾವ, ನಿಮ್ಮಾಣೆಗೂ ನಿಜ."

ಭಾವ ತಲೆಯೆತ್ತಿ ಅವನನ್ನು ನೋಡಿ, ಮೆಲ್ಲಗೆ ನಕ್ಕು, ತಲೆಯಾಡಿಸಿದರು. ಮನೆಯಲ್ಲಿ ಕೇಳಿಕೊಂಡು ನಾಳೆ ಬರುತ್ತೇನೆ ಎಂದು ಹೇಳಿ ಹೊರಟು ಮತ್ತೆ ಬಾರದ ಗಿರಾಕಿಗಳಿಗೆ ಅವರು ಅಷ್ಟು ವರ್ಷವೂ ಹಾಗೇ ನಕ್ಕು ತಲೆಯಾಡಿಸುತ್ತಿದ್ದರು.